ಅಪ್ಪನ ತೂಕ ಕಳೆದು ಅರ್ಧ ಮಾಡಿ

“ಎಪ್ಪತ್ತು ಕಿಲೋ ದಾಟಲ್ಲ ಕಣೇ, ನಿನ್ನಾಣೆ,” ಎಂದು ದರ್ಜಿ ಮದುವೆಯ ಹೊಸತರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದ. ಅಂದಿನಿಂದ ಯಾರು ಕೇಳಿದರೂ ಅವನ ತೂಕ ಎಪ್ಪತ್ತೇ. ಊರವರ ಸೊಂಟವನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಅಳೆಯುವವನು, ತನ್ನ ಅಂಗಿಗಳ ಮಗ್ಗುಲನ್ನು ಮಾತ್ರ ಸದ್ದಿಲ್ಲದೆ ಬಿಚ್ಚಿ ಸಡಿಲಿಸಿಕೊಳ್ಳುತ್ತಿದ್ದ.

ಇವತ್ತು ಮಧ್ಯಾಹ್ನ ಮೂರು ವರ್ಷದ ಮಗಳ ಮೈ ಅವನ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಹೆಂಡತಿ ಬಸ್ಸು ಓಡಿಸುವವಳು. ಸ್ಟೇರಿಂಗ್ ಹಿಡಿದರೆ ಫೋನ್ ಎತ್ತುವುದಿಲ್ಲ. ಡಾಕ್ಟರು ಕೊಟ್ಟ ಜ್ವರದ ಸಿರಪ್ಪು, ಅಳತೆಯ ಪುಟ್ಟ ಲೋಟವನ್ನು ತಲೆಯ ಮೇಲೆ ಟೋಪಿಯಂತೆ ಬೋರಲು ಹಾಕಿಕೊಂಡು ಕಪಾಟಿನಲ್ಲಿ ನಿಂತಿತ್ತು. ಎಷ್ಟು ಕೊಡಬೇಕೋ ಗೊತ್ತಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದ.

“ಮಗು ಎಷ್ಟು ಕೆ.ಜಿ. ಇದೆಯೋ ಅದರರ್ಧ ಎಂ.ಎಲ್.,” ಎಂದಳು ನರ್ಸ್. “ಈ ಸಿರಪ್ಪಿಗೆ ಮಾತ್ರ ಈ ಲೆಕ್ಕ, ಬೇರೆದಕ್ಕೆ ಹಾಕ್ಬೇಡಿ. ತೂಕ ನೋಡಿಯೇ ಕೊಡಿ, ಅಂದಾಜು ಬೇಡ.”

ಅಳು ಕೇಳಿ ಮಹಡಿ ಮನೆಯ ಅಜ್ಜಿ ಇಳಿದು ಬಂದಿದ್ದರು. “ತೂಕ ಯಾಕಪ್ಪ? ನಾಲ್ಕು ಮಕ್ಕಳನ್ನ ಸಾಕಿದೀನಿ. ಒಂದು ಚಮಚ ಹುಯ್ಯಿ.”

“ಯಾವ ಚಮಚ ಅಜ್ಜಿ?”

“ಕೈಗೆ ಸಿಕ್ಕಿದ ಚಮಚ.”

ಅಷ್ಟರಲ್ಲಿ ತೂಕದ ಮಾತು ಕಿವಿಗೆ ಬಿದ್ದ ಎದುರುಮನೆಯ ಲೆಕ್ಕದ ಮೇಷ್ಟ್ರು ತಮ್ಮ ತೂಕದ ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಹಾಜರಾದರು. ಆದರೆ ಮಗಳು ಅದರ ಮೇಲೆ ನಿಲ್ಲಬೇಕಲ್ಲ. ಅಪ್ಪನ ಕುತ್ತಿಗೆಗೆ ಉಡದ ಹಾಗೆ ಕಚ್ಚಿಕೊಂಡಳು.

“ಅದಕ್ಕೂ ಸುಲಭದ ದಾರಿ ಇದೆ,” ಎಂದರು ಮೇಷ್ಟ್ರು. “ಎತ್ತಿಕೊಂಡೇ ನಿಲ್ಲಿ. ಆಮೇಲೆ ನಿಮ್ಮ ತೂಕ ಕಳೆದರಾಯ್ತು.”

ಇಬ್ಬರೂ ಸೇರಿ ತೊಂಬತ್ನಾಲ್ಕು ತೂಗಿದರು.

“ನಿಮ್ಮದೆಷ್ಟು?”

“ಎಪ್ಪತ್ತು,” ಎಂದಿತು ಅಭ್ಯಾಸವಾಗಿದ್ದ ಬಾಯಿ.

“ಮಗು ಇಪ್ಪತ್ನಾಲ್ಕು. ಹನ್ನೆರಡು ಎಂ.ಎಲ್. ಹಾಕಿ.”

“ಇಪ್ಪತ್ನಾಲ್ಕಾ?” ಅಜ್ಜಿ ಕಣ್ಣು ಕಿರಿದು ಮಾಡಿದರು. “ಇದೇನು ಮಗುವೋ, ಸಿಮೆಂಟ್ ಮೂಟೆಯೋ? ಒಂದೇ ಕೈಲಿ ಎತ್ತುತೀನಿ ನಾನು.”

“ಲೆಕ್ಕ ತಪ್ಪಲ್ಲ ಅಜ್ಜಿ.”

“ಲೆಕ್ಕ ತಪ್ಪಲ್ಲ ಮೇಷ್ಟ್ರೇ. ಲೆಕ್ಕ ಕೊಟ್ಟವನನ್ನ ಒಂದು ಸಲ ನೋಡಿ.”

ಇಬ್ಬರೂ ನೋಡಿದರು. ದರ್ಜಿ ಹೊಟ್ಟೆ ಒಳಗೆಳೆದುಕೊಂಡ. ಕುತ್ತಿಗೆಯ ಮೇಲೆ ಮಗಳ ಬಿಸಿಯುಸಿರು ತಾಗಿತು. “ಅಪ್ಪಾ, ತಲೆ ನೋವು,” ಎಂದಳು ಅವಳು, ಗುಬ್ಬಚ್ಚಿಯಷ್ಟು ಸಣ್ಣ ದನಿಯಲ್ಲಿ.

ಅವನು ಅವಳನ್ನು ಬಿಡಿಸಿ ಅಜ್ಜಿಯ ಕೈಗಿತ್ತು, ತಾನೊಬ್ಬನೇ ಯಂತ್ರ ಹತ್ತಿದ. ಎಂಬತ್ತೆರಡು.

ಮೇಷ್ಟ್ರು ಮರ್ಯಾದಸ್ಥರು, ಸೂರು ನೋಡಿದರು. ಅಜ್ಜಿ ಯಂತ್ರವನ್ನೇ ನೋಡಿದರು. “ಎಪ್ಪತ್ತು ಯಾವ ಕಾಲದ್ದಪ್ಪ? ಮದುವೆ ಊಟಕ್ಕೆ ಮುಂಚಿನದಾ?”

“ನಿಮ್ಮ ಕಾಲಿಗೆ ಬೀಳ್ತೀನಿ, ಅವಳಿಗೆ ಹೇಳ್ಬೇಡಿ.”

“ನಾನ್ಯಾಕೆ ಹೇಳಲಿ? ಮೊದಲು ಮಗುಗೆ ಔಷಧಿ ಹಾಕು.”

ಮಗು ಹನ್ನೆರಡು, ಔಷಧಿ ಆರು. ದರ್ಜಿ ಬಾಟಲಿಯ ತಲೆಯಿಂದ ಲೋಟ ತೆಗೆದ. ಒಳಗಿಂದ ಮಡಿಸಿದ ಚೀಟಿಯೊಂದು ಬಿತ್ತು. ಹೆಂಡತಿಯ ಅಕ್ಷರ. ಮೇಷ್ಟ್ರು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದರು:

“ಮಗು ಹನ್ನೆರಡು ಕೆ.ಜಿ. ಆರು ಎಂ.ಎಲ್. ಕೊಡಿ. ಎತ್ತಿಕೊಂಡು ತೂಗೋಕೆ ಹೋಗ್ಬೇಡಿ, ನಿಮ್ಮ ಎಪ್ಪತ್ತನ್ನ ನಂಬೋಕಾಗಲ್ಲ. ಅಂಗಿ ಮೂರು ಸಲ ಬಿಚ್ಚಿ ಹೊಲಿದಿದ್ದು ಗೊತ್ತು ನನಗೆ.”

ಮಗಳು ಔಷಧಿ ಕುಡಿದು, ಅಪ್ಪನ ಹೊಟ್ಟೆಯನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋದಳು. ಅವನು ಅಲುಗಾಡದೆ ಕೂತ. ಎಪ್ಪತ್ತು ದಾಟುವುದಿಲ್ಲವೆಂದು ಕೊಟ್ಟಿದ್ದ ಮಾತು ಮುರಿದಿತ್ತು, ಸರಿಯಾಗಿ ಒಬ್ಬ ಮಗಳ ತೂಕದಷ್ಟು.