ಮಾವಾರ, ಒಮ್ಮಿ ಕಣ್ಣ ಹೊಡೀರಿ

ನಗಬಾರದು ಅಂತ ತುಟಿ ಕಚ್ಚಿ ಹಿಡಕೊಂಡ್ರೂ ದಿನಕ್ಕೊಮ್ಮಿ ನಗು ಬಂದೇ ಬರ್ತದ, ನಮ್ಮ ಕೆಲಸನೇ ಹಂಗದ. ದುಬಲಗುಂಡಿ ನನ್ನ ತವರು, ಕೊಟ್ಟಿದ್ದು ಮೋರಖಂಡಿಗೆ. ಇಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕ ನಾ ಮೇಟ್. ಅಂದ್ರ ಕೂಲಿ ಮಂದಿ ಹಾಜರಿ ತಗೊಳ್ಳಾಕಿ, ತೋಡಿದ ಗುಂಡಿ ಅಳ್ಯಾಕಿ, ಎಲ್ಲಾರ ಕಡಿಂದ ಬೈಸಿಕೊಳ್ಳಾಕಿ.

೧. ಹಾಜರಿ

ಗಂಡನ ಹೆಸರು ನಾ ಬಾಯಾಗ ತರಂಗಿಲ್ಲ, ನಮ್ಮ ಮನಿ ರೂಢಿ. ಬರದ್ರ ತಪ್ಪಿಲ್ಲ, ಹೇಳಬಾರದಷ್ಟೇ. ಬಸವರಾಜ. ನಮ್ಮ ಸೀಮ್ಯಾಗ ಮನಿಗೊಬ್ಬ ಬಸವರಾಜ ಇರ್ತಾನ. ನನ್ನ ಹಾಜರಿ ಪಟ್ಟಿಯಾಗೇ ಐದು ಮಂದಿ!

ಮೊದಲನೇ ದಿನ "ಎಮ್ಮಿ ಮಾರಿದವ್ರು?" ಅಂದೆ, ಒಬ್ಬರು ಕೈ ಎತ್ತಿದ್ರು. "ಮೀಸಿ ಬೋಳಿಸಿದವ್ರು?" ಅಂದೆ, ಇನ್ನೊಬ್ಬರು ಎತ್ತಿದ್ರು. "ನಿನ್ನೆ ಹೆಂಡತಿ ಕಡಿಂದ ಬೈಸಿಕೊಂಡವ್ರು?" ಅಂದೆ. ಉಳಿದ ಮೂವರೂ ಎತ್ತಿದ್ರು, ನಮ್ಮವರು ಸೈತ.

ಅವತ್ತೇ ತಪಾಸಣಿಗೆ ಬಂದ ಸಾಹೇಬ್ರೊಬ್ಬರು ಕಾಗದ ತುಂಬಾಕತ್ತಿದ್ರು. ಬೆಂಗಳೂರ ಕಡಿಯವರು. "ತಾಲ್ಲೂಕು ಯಾವುದಮ್ಮ?" ಅಂದ್ರು.

"ಕಲ್ಯಾಣ ರೀ."

"ಬರೀ ಕಲ್ಯಾಣ ಅಂತ ಯಾವ ತಾಲ್ಲೂಕೂ ಇಲ್ವಲ್ಲಮ್ಮ. ಪೂರ್ತಿ ಹೆಸರು ಹೇಳಿ."

"ಪೂರ್ತಿ ಹೇಳಾಕ ಆಗಂಗಿಲ್ರಿ ಸಾಹೇಬ್ರ. ಅದರಾಗ ನಮ್ಮ ಮನ್ಯಾವ್ರು ಅದಾರ."

೨. ಯಜಮಾನಿ

ಮನಿ ಯಜಮಾನಿ ಖಾತೆಗೆ ಸರ್ಕಾರ ತಿಂಗಳಾ ರೊಕ್ಕ ಹಾಕಾಕ ಸುರು ಮಾಡ್ತಲ್ಲ, ನಮ್ಮನ್ಯಾಗ ಯಜಮಾನಿ ಅಂದ್ರ ನಮ್ಮ ಅತ್ತಿ. ಅಲ್ಲೀತನಕ ಮಾವಾರ ಮುಂದ ದನಿ ಎತ್ತಿದ ಹೆಣ್ಮಗಳಲ್ಲ. ಮೊದಲನೇ ಕಂತು ಬಂದ ದಿನ ಮಾವಾರು ದಿನದಂಗ "ಏ, ಚಾ ತಾ" ಅಂದ್ರು. ಅತ್ತಿ ಕುಂತಲ್ಲಿಂದನೇ, "ಏ ಅಂತ ಯಾರನ್ನ ಕರಿಯಾಕತ್ತೀರಿ? ಯಜಮಾನಿ ಅಂತ ಸರ್ಕಾರನೇ ಬರದುಕೊಟ್ಟದ" ಅಂದ್ರು.

ಮಾವಾರು ತಾವೇ ಎದ್ದು ಚಾ ಮಾಡಿಕೊಂಡ್ರು. ಸಕ್ರಿ ಡಬ್ಬಿ ಯಾವುದು ಅಂತ ಗೊತ್ತಿಲ್ಲದಕ್ಕ ಉಪ್ಪು ಹಾಕ್ಕೊಂಡಿದ್ರು, ಆದ್ರ ಮಾರಿ ಸೊಟ್ಟ ಮಾಡದೇ ಪೂರಾ ಕುಡದ್ರು.

ಹೆಂಡತಿ ಮುಂದ ತಂಬಾಕಕ್ಕ ಕೈ ಚಾಚೋದು ಮಾತ್ರ ಅವರಿಂದ ಆಗಲಿಲ್ಲ. ಮಕ್ಕಳನ್ನ ಕೇಳೋ ಪೈಕಿನೂ ಅಲ್ಲ. "ನನ್ನ ಹೆಸರೂ ಬರ್ಕೋಳವ್ವ. ನನ್ನ ತಂಬಾಕ ನನ್ನ ದುಡಿಮ್ಯಾಗ ಬರಲಿ" ಅಂತ ಕೆರಿ ಹೂಳು ತೆಗಿಯೋ ಜಾಗಾಕ್ಕೇ ಬಂದ್ರು. ಅರವತ್ತು ದಾಟಿದ ಜೀವ. "ಮಾವಾರ, ಹಗುರ ಕೆಲಸ ಮಾಡ್ರಿ, ಮಂದಿಗೆ ನೀರು ಕೊಡ್ರಿ" ಅಂದೆ.

"ಅದಕ್ಕ ಇಲ್ಲೀತನಕ ಯಾಕ ಬರಬೇಕು? ಮನ್ಯಾಗ ಅದನ್ನೇ ಮಾಡಾಕತ್ತೇನಲ್ಲ!" ಅಂದ್ರು.

೩. ಕಾಲು

ಮಾವಾರ ಮುಂದ ನಾನು ಸೆರಗು ಮೂಗಿನತನಕ ಎಳಕೊಳ್ಳಾಕಿ. ಹಾಜರಿಗೋ ದಿನಾ ಕೂಲಿ ಮಂದಿ ಫೋಟೋ ಹೊಡದು ಕಳಸಬೇಕು. ಮಾವಾರು ಬಂದ ಮೊದಲನೇ ಮುಂಜಾನಿ ಸೆರಗಿನ ಒಳಗಿಂದನೇ ಅಂದಾಜಿನ ಮ್ಯಾಲ ಹೊಡದು ಕಳಿಸಿದೆ. ಅರ್ಧ ತಾಸಿಗೆ ಪಂಚಾಯ್ತಿಯಿಂದ ಫೋನು.

"ಅಕ್ಕಾರ, ಮಂದಿ ಎಲ್ಲಿ? ಬರೀ ಕಾಲು ಬಂದಾವಲ್ಲ!"

"ಇವತ್ತೊಂದಿನ ಚಪ್ಪಲಿ ನೋಡಿ ಹಾಜರಿ ಹಾಕ್ರಪ್ಪಾ" ಅಂದೆ.

೪. ಕಣ್ಣು

ಆಮ್ಯಾಲ ಒಂದು ಹುಕುಂ ಬಂತು. ಪ್ರತಿಯೊಬ್ಬರೂ ಫೋನಿಗೆ ಮಾರಿ ತೋರಿಸಿ ಗುರುತು ಪಕ್ಕಾ ಮಾಡಸಬೇಕು, ಇಲ್ಲಾಂದ್ರ ಪಟ್ಟಿಯಿಂದ ಹೆಸರು ಹೋಗ್ತದ. ಕಡೀ ದಿನ ಉಳಿದವ್ರು ಮಾವಾರೊಬ್ಬರೇ. ಹೆಸರು ಹೋದ್ರ ಕೆಲಸ ಹೋತು, ಮತ್ತ ತಂಬಾಕಕ್ಕ ಅತ್ತಿ ಮುಂದ ನಿಂದರೋದೇ.

ಫೋನು ಅವರ ಮಾರಿ ಮುಂದ ಹಿಡದೆ. ಪರದೆ ಮ್ಯಾಲ "ಕಣ್ಣು ಮಿಟುಕಿಸಿ" ಅಂತ ಬಂತು. ಮಾವಾರು ಫೋನು ಕಚ್ಚತದ ಅನ್ನೋವಂಗ ಕಣ್ಣು ಅಗಲಿಸಿ ನೋಡಾಕತ್ರು. ರೆಪ್ಪಿ ಅಳ್ಳಾಡಲಿಲ್ಲ. "ಮಿಟುಕಿಸ್ರಿ" ಅಂದೆ.

"ಹಂಗಂದ್ರ ಏನವ್ವ?"

ವ್ಯಾಳ್ಯಾ ಬ್ಯಾರೆ ಮುಗಿಯಾಕತ್ತಿತ್ತು. ಗಡಬಡಿಯಾಗ ಬಾಯಿಂದ ಹೊಂಟೇಬಿಡ್ತು: "ಮಾವಾರ, ಒಮ್ಮಿ ಕಣ್ಣ ಹೊಡೀರಿ!"

ಕೆರಿಯಾಗ ಸಲಿಕಿ ಸಪ್ಪಳ ನಿಂತೇಹೋತು. ಆಮ್ಯಾಲ ಹೆಣ್ಮಕ್ಕಳು ಬುಟ್ಟಿ ಒಗದು ಬಿದ್ದುಬಿದ್ದು ನಗಾಕತ್ರು. ನನಗ ಭೂಮಿ ಬಾಯಿ ಬಿಡಬಾರದೇನು ಅನಿಸ್ತು.

ಮಾವಾರು ಸಿಟ್ಟಿಗೆದ್ರು. "ಸೊಸಿಗೆ ಕಣ್ಣ ಹೊಡ್ಯಾವ ಅಂತ ತಿಳದೀರೇನು ನನ್ನ? ಹೆಸರು ಹೋದ್ರ ಹೋಗಲಿ!" ಅಂತ ಸಲಿಕಿ ಅಲ್ಲೇ ಬಿಟ್ಟು ಹೊಂಟ್ರು. ನನಗ ಅಳುನೇ ಬಂತು.

ಅಷ್ಟರಾಗ ಅತ್ತಿ ಮಾವಾರಿಗೆ ಬುತ್ತಿ ತಗೊಂಡು ಬಂದ್ರು. ನಡದದ್ದೆಲ್ಲಾ ಕೇಳಿಕೊಂಡ್ರು. ಬುತ್ತಿ ಕೆಳಗಿಟ್ಟು ನನ್ನ ಬಾಜೂಕ, ಫೋನಿನ ಹಿಂದ ಬಂದು ನಿಂತ್ರು.

"ಬರ್ರಿ ಇಲ್ಲೆ. ಆಕಿಗ್ಯಾಕ ಹೊಡೀತೀರಿ? ನನಗ ಹೊಡೀರಿ."

ಮಾವಾರು ತಿರುಗಿ ಬಂದ್ರು. ಆ ಕಡೆ ಈ ಕಡೆ ನೋಡಿ, ಅತ್ತಿಗೆ ಒಂದು ಕಣ್ಣ ಹೊಡ್ಯಾಕ ಹೋದ್ರು. ರೂಢಿ ಇಲ್ಲ, ಪಾಪ. ಎರಡೂ ಕಣ್ಣು ಒಮ್ಮೆಲೇ ಮುಚ್ಚಿ ತೆರದವು. ಫೋನಿಗೆ ಬೇಕಾಗಿದ್ದೂ ಅದೇ! ಟಣ್ ಅಂತು, ಹಸಿರು ಗುರುತು ಬಿತ್ತು, ಹೆಸರು ಉಳೀತು.

ಮಂದಿ ಚಪ್ಪಾಳಿ ಬಡದ್ರು. ಅತ್ತಿ ಸೆರಗು ಬಾಯಿಗೆ ಹಿಡದು, "ಮದಿವ್ಯಾಗಿ ನಲವತ್ತು ವರ್ಷಾತು, ಒಂದಿನ ಕಣ್ಣ ಹೊಡದಾವರಲ್ಲ. ಕಡೀಕ ಸರ್ಕಾರನೇ ಹೊಡಸಬೇಕಾತು ನೋಡ್ರಿ!" ಅಂದ್ರು.