ಪ್ರಳಯದ ನಂತರದ ಸಿಲ್ವರ್ ಮರ

ಲೋಕವನ್ನು ನಾಶ ಮಾಡುವುದು ಬಹಳ ಸುಲಭ. ಒಂದು ಹಾಳೆ, ಒಂದು ಪೆನ್ನು, ಸಂಜೆಯ ಕಾಫಿ ಇದ್ದರೆ ಸಾಕು. ನಾನು ಒಂದೇ ಭಾನುವಾರದಲ್ಲಿ ಮುಗಿಸಿದೆ. ಕಷ್ಟ ಶುರುವಾದದ್ದು ಆಮೇಲೆ!

ನಮ್ಮಣ್ಣನಿಗೂ ನನಗೂ ಮಾತು ನಿಂತು ಎರಡು ಮಳೆಗಾಲ ಕಳೆದಿತ್ತು. ಕಾರಣ, ಕಾಫಿಗೆ ನೆರಳಾಗಲೆಂದು ನೆಟ್ಟ ಒಂದು ಸಿಲ್ವರ್ ಮರ. ಅವನ ಕಾಫಿ ತೋಟಕ್ಕೂ ನನ್ನ ತೋಟಕ್ಕೂ ನಡುವಿನ ಬೇಲಿಯಲ್ಲೇ ಅದು ಮೈತುಂಬ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿದೆ. ಮೆಣಸು ಕೊಯ್ಯುವವರು ಯಾರು ಎಂಬಲ್ಲಿ ಮಾತು ಬೆಳೆಯಿತು, ಅಲ್ಲೇ ನಿಂತಿತು. ಈಗ ಅಣ್ಣನ ಮಗಳು ಪಲ್ಲವಿಗೆ ಮದುವೆ ಗೊತ್ತಾಗಿತ್ತು. ನನ್ನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ. ಅವಳ ಧಾರೆಯ ಹೊತ್ತಿಗೆ ಚಿಕ್ಕಪ್ಪ ಮಂಟಪದಲ್ಲಿ ಇರಬೇಡವೇ? ನೆನೆದರೆ ಊಟ ಸೇರುತ್ತಿರಲಿಲ್ಲ.

ಮೊಬೈಲಿನಲ್ಲಿ ಒಂದು ಆಟ ನೋಡಿದ್ದೆ. ಪ್ರಳಯ ಆಗಿಹೋಗಿದೆ, ಉಳಿದವರು ಬದುಕಬೇಕು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ನನ್ನ ತಲೆ ಓಡಿತು. ಲೋಕವೇ ಇಲ್ಲದ ಮೇಲೆ ಬೇಲಿ ಎಲ್ಲಿಯದು? ಗುರಿಯನ್ನು ಬರೆದೆ: ಕೊನೆಯ ಬಾವಿಯನ್ನು ಹುಡುಕುವುದು. ಮುಕ್ತಾಯಗಳನ್ನೂ ಬರೆದೆ. ಬಾವಿ ಸಿಗದೆ ಎಲ್ಲರೂ ಸಾಯಬಹುದು. ಒಬ್ಬನೇ ಉಳಿದು ಹುಚ್ಚನಾಗಬಹುದು. ಇಲ್ಲವೇ ಬಾವಿ ಮುಚ್ಚಿದ ಬಂಡೆಗೆ ಅಣ್ಣ ಹೆಗಲು ಕೊಟ್ಟಾಗ ನಾನೂ ಕಥೆಯೊಳಗೆ ಬಂದು ಹೆಗಲು ಕೊಟ್ಟು, ಒಂದೇ ಬಿಂದಿಗೆಯ ನೀರು ಕುಡಿದು ಅಪ್ಪಿಕೊಳ್ಳಬಹುದು. ಇದನ್ನು ಬರೆಯುವಾಗ ನನಗೇ ಅಳು ಬಂತು!

"ಹೋಗಿ ಭಾವನ ಹತ್ರ 'ಅಣ್ಣ' ಅಂದ್ರೆ ಸಾಲ್ದಾ? ಅದಕ್ಕೆ ಲೋಕ ಯಾಕ್ರೀ ಮುಳುಗ್ಬೇಕು?" ಎಂದಳು ಹೆಂಡತಿ ಶಾರದೆ.

"ನಿಂಗೊತ್ತಾಗಲ್ಲ. ಇದೆಲ್ಲ ತಂತ್ರ."

ಕೊಟ್ಟಿಗೆಹಾರದ ಜೀಪ್ ಮೆಕ್ಯಾನಿಕ್ ರಫೀಕ್ ನಮ್ಮಿಬ್ಬರಿಗೂ ಬೇಕಾದವನು. ಅವನೇ ಕಾಡಿಬೇಡಿ ಅಣ್ಣ-ಅತ್ತಿಗೆಯರನ್ನು ಆಟಕ್ಕೆಂದು ಜೀಪಿನಲ್ಲಿ ನಮ್ಮ ಮನೆಗೆ ಕರೆತಂದ. ಅಣ್ಣ ನನ್ನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕುಳಿತ.

ನಾನು ಗಂಟಲು ಸರಿಮಾಡಿಕೊಂಡೆ. "ಬೆಂಕಿಮಳೆ ಸುರಿದು ಲೋಕ ಮುಗಿದಿದೆ. ಕಳಸ ಇಲ್ಲ, ಆಲ್ದೂರು ಇಲ್ಲ. ಉಳಿದವರು ನೀವು ನಾಲ್ಕೇ ಜನ. ಏನ್ ಮಾಡ್ತೀರಿ?"

"ಜೀಪಲ್ಲಿ ಡೀಸೆಲ್ ಇದ್ಯಾ ನೋಡ್ತೀನಿ" ಎಂದ ರಫೀಕ್.

"ಪಲ್ಲವಿ ಧಾರೆ ಸೀರೆ ಉಳ್ದಿದ್ಯಾ?" ಎಂದರು ಅತ್ತಿಗೆ.

ಅಣ್ಣ ಕ್ಯಾಲೆಂಡರಿಗೆ ಹೇಳಿದಂತೆ ಹೇಳಿದ: "ಕೇಳು ಮಾರಾಯ ರಫೀಕ್, ಆ ಬೇಲಿ ಸಿಲ್ವರ್ ಮರ ಏನಾಯ್ತಂತೆ?"

ಕಥೆ ನಡೆಸುವವನಿಗೆ ಸರ್ವಾಧಿಕಾರ! ಜಗಳವನ್ನು ಬುಡಸಮೇತ ಕಿತ್ತುಬಿಡೋಣ ಎಂದುಕೊಂಡು "ಬಿದ್ದೋಗಿದೆ" ಎಂದೆ.

ಅಣ್ಣ ತಿರುಗಿ ನನ್ನ ಮುಖವನ್ನೇ ನೋಡಿದ.

"ಯಾವ ಕಡೆಗೆ?"

ಇದಕ್ಕೆ ನಾನು ಏನೂ ಬರೆದಿಟ್ಟಿರಲಿಲ್ಲ. ರಫೀಕ್ ಕಣ್ಣು ಮಿಟುಕಿಸಿದ. ಶಾರದೆ ನನ್ನ ಕಾಲು ತುಳಿದಳು. ಬಾಯಿಗೆ ಮಾತ್ರ ಒಂದೇ ಮಾತು ಬಂತು.

"ನನ್ನ ಕಡೆಗೆ."

"ಬಳ್ಳಿ ಸಮೇತ?"

"ಬಳ್ಳಿ ಮರದ ಜೊತೇನೇ ತಾನೆ ಬೀಳೋದು!"

ಅಣ್ಣ ಎದ್ದ. "ನೋಡ್ದ್ಯಾ ರಫೀಕ್? ಲೋಕ ಸುಟ್ಟೋದ್ರೂ ಇವನ ಬುದ್ಧಿ ಸುಡ್ಲಿಲ್ಲ."

ಅತ್ತಿಗೆ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಅವನ ಹಿಂದೆಯೇ ಹೋದರು. ಬಾವಿ, ಬಿಂದಿಗೆ, ಅಪ್ಪುಗೆ ಎಲ್ಲ ಹಾಳೆಯಲ್ಲೇ ಉಳಿದವು.

ಲಗ್ನಪತ್ರಿಕೆ ಬಂತು. ಅಣ್ಣ-ಅತ್ತಿಗೆ ಅಕ್ಷತೆ ಹಿಡಿದು ಬರಲಿಲ್ಲ, ರಫೀಕ್ ತಲೆ ತಗ್ಗಿಸಿಕೊಂಡು ತಂದುಕೊಟ್ಟ. ಧಾರೆಯ ದಿನ ನಾನು ಕೊನೆಯ ಸಾಲಿನಲ್ಲಿ, ಡ್ರೈವರುಗಳ ಪಕ್ಕ ಕುಳಿತಿದ್ದೆ. ಪಲ್ಲವಿ ಮಂಟಪದಿಂದ ಕತ್ತೆತ್ತಿ ಯಾರನ್ನೋ ಹುಡುಕುತ್ತಿದ್ದಳು. ನಾನು ಕಂಬದ ಹಿಂದಕ್ಕೆ ಸರಿದೆ.

"ಆಟದ ಮರ ಕಣ್ರೀ" ಎಂದಳು ಶಾರದೆ ಮನೆಗೆ ವಾಪಸ್ ಬರುವಾಗ. "ಅವ್ರ ಕಡೆ ಬೀಳ್ಸಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"

ಹೌದಲ್ಲ! ನಿಜವಾದ ಮರ ಇನ್ನೂ ನಿಂತೇ ಇದೆ. ಮೆಣಸು ಹಣ್ಣಾಗಿ ಹಕ್ಕಿಗಳ ಪಾಲಾಗುತ್ತಿದೆ. ನಾನು ದಿನಾ ಕಣ್ಣು ಮುಚ್ಚಿಕೊಂಡು ಆ ಮರವನ್ನು ಅಣ್ಣನ ಕಡೆಗೆ ಬೀಳಿಸಿ ಅಭ್ಯಾಸ ಮಾಡುತ್ತೇನೆ. ಅರ್ಧದವರೆಗೆ ಚೆನ್ನಾಗಿಯೇ ಬಾಗುತ್ತದೆ. ಆಮೇಲೆ ತಿರುಗಿ ನನ್ನ ಕಡೆಗೇ ಬೀಳುತ್ತದೆ!