ಕ್ಯಾಮೆರಾಗೆ ಚಳಿಯಾಯಿತು

ನಮ್ಮ ಮನೆಯಲ್ಲಿ ಬೆಚ್ಚಗಿರುವ ಕೋಣೆ ಒಂದೇ ಒಂದು. ಅದರೊಳಗೆ ಮನೆಯ ಯಜಮಾನನಿಗೆ (ಅಂದರೆ ನನಗೆ; ರೇಷನ್ ಕಾರ್ಡಿನಲ್ಲಿ ಹಾಗೆಂದೇ ಇದೆ) ಪ್ರವೇಶವಿಲ್ಲ. ಅದು ರೇಷ್ಮೆಹುಳುಗಳ ಕೋಣೆ. ಚಳಿಗಾಲ ಬಂತೆಂದರೆ ನನ್ನ ಹೆಂಡತಿ ಕಾವೇರಮ್ಮ ಅಲ್ಲಿ ಸಾಲಾಗಿ ಬಲ್ಬು ಉರಿಸಿ, ಕಿಟಕಿಗೆ ಗೋಣಿ ಕಟ್ಟಿ, ಹುಳುಗಳಿಗೆ ಸಕಲ ಸುಖಗಳನ್ನೂ ಕರುಣಿಸುತ್ತಾಳೆ. ನಾನು ಪಡಸಾಲೆಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಮುದುರಿ ಮಲಗುತ್ತೇನೆ. ಬಿಡದಿಯ ಕಾರ್ಖಾನೆಯೊಂದರ ಪೇಂಟ್ ವಿಭಾಗಕ್ಕೆ ಸೇರಿದಂದಿನಿಂದ ನನಗೆ ಈ ಬಹಿಷ್ಕಾರ.

“ಪೇಂಟ್ ವಾಸ್ನೆ ಹೊತ್ಕೊಂಡು ಒಳಕ್ ಬರಬ್ಯಾಡಿ. ಹುಳ ಸೊಪ್ಪು ಮುಟ್ಟಾಕಿಲ್ಲ.”

“ಸ್ನಾನ ಮಾಡ್ಕೊಂಡ್ ಬಂದಿವ್ನಿ ಕಣಮ್ಮಿ!”

“ಸೋಪಿನ್ ವಾಸ್ನೇನೂ ಆಗಾಕಿಲ್ಲ ಅವ್ಕೆ.”

ಹೀಗಿರುವಾಗ, ಎರಡು ಸಾವಿರದ ಏಳರ ಚಳಿಗಾಲದಲ್ಲಿ, ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಒಂದು ಪ್ರಕಟಣೆ ಬಂತು. ನೌಕರರಿಗೆ ಫೋಟೋ ಸ್ಪರ್ಧೆ. ವಿಷಯ ‘ಚಳಿಗಾಲದ ದೀಪಗಳು’. ಮೊದಲ ಬಹುಮಾನ ಒಂದು ರೂಮ್ ಹೀಟರ್. ಓದುತ್ತಿದ್ದಂತೆಯೇ ನನ್ನ ಕಾಲ್ಬೆರಳುಗಳು ಬೆಚ್ಚಗಾದವು. ಆ ಹೀಟರು ನನಗೆ ಬೇಕೇ ಬೇಕಾಗಿತ್ತು.

ನನ್ನ ಜೊತೆ ಕೆಲಸ ಮಾಡುವ ಚನ್ನಪಟ್ಟಣದ ಸಮೀವುಲ್ಲಾ ತನ್ನ ಡಿಜಿಟಲ್ ಕ್ಯಾಮೆರಾ ಕೊಟ್ಟ. ಕಡೇ ಕಾರ್ತಿಕ ಸೋಮವಾರದ ಬೆಳಗಿನ ಜಾವ ಮೊಪೆಡ್ ಹತ್ತಿ ಸಾವನದುರ್ಗ ಬೆಟ್ಟದ ಬುಡಕ್ಕೆ ಹೋದೆ. ದೇವಸ್ಥಾನದ ತುಂಬ ಸೀರಿಯಲ್ ಸೆಟ್ಟು ಮಿನುಗುತ್ತಿತ್ತು. ನನ್ನ ಹಲ್ಲುಗಳು ಕಟಕಟಿಸುತ್ತಿದ್ದವು. ಮೂರು ಸಲ ಒತ್ತಿದೆ. ಕ್ಯಾಮೆರಾ ಕುಯ್ಯೆಂದು ಮೂತಿ ಒಳಗೆಳೆದುಕೊಂಡು ಪ್ರಜ್ಞೆ ತಪ್ಪಿತು.

ಸಮೀವುಲ್ಲಾಗೆ ಫೋನ್ ಮಾಡಿದೆ. “ಚಳಿಗೆ ಬ್ಯಾಟ್ರಿ ಸತ್ತೋಯ್ತದೆ ಸ್ವಾಮಣ್ಣ. ಒಸಿ ಬೆಚ್ಚಗ್ ಮಡಗು,” ಎಂದ.

ಬೆಚ್ಚಗಿರುವ ಜಾಗ ಯಾವುದೆಂದು ನಿಮಗೆ ಆಗಲೇ ಹೇಳಿದ್ದೇನೆ. ಮನೆಗೆ ಬಂದು ಹುಳುವಿನ ಕೋಣೆಯ ಬಾಗಿಲಾಚೆ ನಿಂತು ಕ್ಯಾಮೆರಾ ಚಾಚಿದೆ.

“ತನ್ನಿ ಇತ್ತಾಗೆ. ಪಾಪ, ತಣ್ಣಗ್ ಕೊರಿತಾ ಐತೆ,” ಎಂದು ಕಾವೇರಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ನಾಲ್ಕು ವರ್ಷದಿಂದ ನನಗೆ ಸಿಗದ ಪ್ರವೇಶ ಅದಕ್ಕೆ ನಾಲ್ಕು ನಿಮಿಷದಲ್ಲಿ ಸಿಕ್ಕಿತು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು (ಹೊಟ್ಟೆಯಾದರೂ ಬೆಚ್ಚಗಾಯಿತಲ್ಲ ಎಂದು ಸಮಾಧಾನಪಟ್ಟೆ).

ಸಂಜೆ ವಾಪಸು ಕೊಟ್ಟಳು. “ಬೆಚ್ಚಗಾಗೈತೆ. ಜೀವ ಬಂದೈತೆ.”

ಫೋಟೋ ಕೊಡಲು ಮಾರನೆಯ ದಿನವೇ ಕೊನೆ. ಇದ್ದದ್ದನ್ನೇ ಸಮೀವುಲ್ಲಾ ಪ್ರಿಂಟು ಹಾಕಿಸಿ ತಂದ. “ಮೂರು ಬರೀ ಅಲುಗಾಟ. ನಾಲ್ಕನೇದು ಸೂಪರ್! ಇದೆಲ್ಲಣ್ಣ, ಕಾಶ್ಮೀರಕ್ಕೋಗಿದ್ಯಾ?”

ನಾಲ್ಕನೆಯದೇ? ನಾನು ಒತ್ತಿದ್ದು ಮೂರೇ ಸಲ. ಫೋಟೋ ನೋಡಿ ತಲೆ ಇನ್ನಷ್ಟು ಕೆಟ್ಟಿತು. ಕೆಳಗೆಲ್ಲ ಬೆಳ್ಳಗೆ ಉಂಡೆಯುಂಡೆ ಹಿಮ. ಮೇಲೆ ಸಾಲಾಗಿ ಹೊಂಬಣ್ಣದ ದೀಪಗಳು. ಮೂಲೆಯಲ್ಲಿ ಕಪ್ಪಗೆ ನುಣುಪಾದ ಒಂದು ಬೆಟ್ಟ, ಅದರ ನೆತ್ತಿಯಲ್ಲೊಂದು ಕಚ್ಚು. ಬೆಟ್ಟವಿದ್ದ ಮೇಲೆ ಸಾವನದುರ್ಗವೇ ಇರಬೇಕು. ದೇವಸ್ಥಾನ ಎಲ್ಲಿ ಹೋಯಿತು? ಮಂಜಿನಲ್ಲಿ ಮುಳುಗಿರಬೇಕು. ನಾನು ಯಾವಾಗ ಒತ್ತಿದೆ? ಚಳಿಗೆ ಕೈ ನಡುಗಿ ತಾನಾಗಿ ಒತ್ತಿಕೊಂಡಿರಬೇಕು. ನೋಡುತ್ತ ನೋಡುತ್ತ ನನ್ನ ಪ್ರತಿಭೆಯ ಮೇಲೆ ನನಗೇ ಗೌರವ ಹುಟ್ಟಿತು.

ಮೊದಲ ಬಹುಮಾನ ನನಗೇ ಬಂತು. ಸಮಾರಂಭಕ್ಕೆ ಕಾವೇರಮ್ಮ ಧಾರೆ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಳು. ಪರದೆಯ ಮೇಲೆ ಫೋಟೋ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಜಪಾನಿನಿಂದ ಬಂದಿದ್ದ ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡರು. ಅವರ ಊರಿನ ಹಿಮ ಥೇಟ್ ಹೀಗೆಯೇ ಇರುತ್ತದಂತೆ. ಎಲ್ಲಿ, ಹೇಗೆ ತೆಗೆದಿರಿ ಎಂದು ಕೇಳಿಸಿದರು.

ನಾನು ಮೈಕು ಹಿಡಿದೆ. ಅರ್ಧ ಬೆಟ್ಟ ಹತ್ತಿದ್ದು, ಮೀಸೆಯ ಮೇಲೆ ಮಂಜು ಹೆಪ್ಪುಗಟ್ಟಿದ್ದು, ಎರಡು ಗಂಟೆ ಉಸಿರು ಬಿಗಿಹಿಡಿದು ಕಾದದ್ದು, ಕಡೆಗೆ ಪ್ರಕೃತಿಮಾತೆ ಒಲಿದದ್ದು (ಇದಾವುದೂ ನಡೆದಿರಲಿಲ್ಲ), ಎಲ್ಲವನ್ನೂ ವರ್ಣಿಸಿದೆ. ಚಪ್ಪಾಳೆಯೋ ಚಪ್ಪಾಳೆ.

ಚಪ್ಪಾಳೆಯ ನಡುವೆ ಕಾವೇರಮ್ಮ ಎದ್ದು ನಿಂತಳು.

“ಅಯ್ಯೋ, ಅದು ನಮ್ ರೇಷ್ಮೆ ಗೂಡಲ್ವಾ!”

ಸಭೆಯೆಲ್ಲ ಅವಳತ್ತ ತಿರುಗಿತು.

“ಯಾವ ಮಂಜೂ ಇಲ್ಲ ಸಾಮಿ. ಹುಳ ಗೂಡ್ ಕಟ್ಟಿದ್ವು, ಮ್ಯಾಲೆ ಬಲ್ಬ್ ಹಾಕಿದ್ದೆ. ಈ ಡಬ್ಬಿಗೆ ಜೀವ ಬಂತಾ ಅಂತ ಒತ್ ನೋಡ್ದೆ, ಕಟಕ್ ಅಂತು.”

“ಹಂಗಾದ್ರೆ... ಆ ಬೆಟ್ಟ?” ನನ್ನ ದನಿ ನನಗೇ ಮೈಕಿನಲ್ಲಿ ಕೇಳಿಸಿತು.

ಅವಳು ವೇದಿಕೆ ಹತ್ತಿ ಬಂದು ಪರದೆಯ ಪಕ್ಕ ಎಡಗೈ ಹೆಬ್ಬೆರಳು ಎತ್ತಿ ಹಿಡಿದಳು. ಸೊಪ್ಪು ಕತ್ತರಿಸುವಾಗ ಕುಡುಗೋಲು ತಗುಲಿದ್ದ ಕಚ್ಚು, ಪರದೆಯ ಮೇಲಿನ ‘ಸಾವನದುರ್ಗ’ದ ನೆತ್ತಿಯಲ್ಲಿ ಇದ್ದಂತೆಯೇ, ಅದೇ ಜಾಗದಲ್ಲಿತ್ತು.

ಜನ ಬಿದ್ದು ಬಿದ್ದು ನಕ್ಕರು. ನಾನು ನಿಂತಲ್ಲೇ ಕುಗ್ಗಿದೆ. ದೊಡ್ಡ ಸಾಹೇಬರಿಗೆ ಯಾರೋ ವಿಷಯ ತಿಳಿಸಿದರು. ಅವರು ನಗಲಿಲ್ಲ, ಆ ಹೆಬ್ಬೆರಳಿಗೆ ಸೊಂಟ ಬಗ್ಗಿಸಿ ವಂದಿಸಿ, ಹೀಟರನ್ನು ಕಾವೇರಮ್ಮನ ಕೈಗೇ ಕೊಟ್ಟರು. ಸಮೀವುಲ್ಲಾನಂತೂ, “ಕ್ಯಾಮೆರಾನೂ ನಿಮ್ತಾವೇ ಇರ್ಲಿ ಅಕ್ಕ, ಇನ್ನಷ್ಟು ತಗೀರಿ,” ಅಂದುಬಿಟ್ಟ.

ಅಂದು ಸಂಜೆ ಪಡಸಾಲೆಯಲ್ಲಿ ಕೂತು ಹುಳುವಿನ ಕೋಣೆಯ ಕದ ತಟ್ಟಿದೆ. “ಹೀಟರ್ ಒಂದ್ ಗಳಿಗೆ ಇತ್ಲಾಗೆ ಕೊಡಮ್ಮಿ. ಸಾಯ್ತಾ ಇವ್ನಿ.”

“ಹೊಸಾ ಮರಿಹುಳ ಬಂದವೆ. ಅವು ತಡೀತವಾ ಈ ಚಳೀನಾ?”

“ನಾನು?”

ಕದ ನಾಲ್ಕು ಬೆರಳಗಲ ತೆರೆಯಿತು. ಒಳಗಿನ ಬೆಚ್ಚನೆಯ ಗಾಳಿ ಮುಖಕ್ಕೆ ಸೋಕಿತು. ಆಹಾ ಎನ್ನುವಷ್ಟರಲ್ಲಿ ಸಂದಿಯಿಂದ ಕ್ಯಾಮೆರಾದ ಮೂತಿ ಹೊರಬಂತು.

“ಅಲ್ಲೇ ಕುಂತಿರಿ. ಬರೋ ವರ್ಸಕ್ಕೂ ಚಳಿಗಾಲದ್ ಫೋಟೋ ಬೇಕಲ್ಲ,” ಎಂದಳು. “ಒಸಿ ನಡುಗಿ, ಚೆಂದಾಗ್ ಬತ್ತದೆ.”

ನಾನು ನಡುಗಿದೆ.